ಮಂದು: ದನ ನಿಂತ ಜಾಗ, ಜನ ಕೂತ ಜಾಗ

ಊಟಿಯ ಹಳೆಯ ಹೆಸರಿನ ಬಾಲದಲ್ಲಿ ಕನ್ನಡದ ಬಾಯಿದೆ. 1821ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಆ ಊರಿನ ಹೆಸರು ಮೊದಲ ಸಲ ಅಚ್ಚಾದಾಗ ಅದು 'ವೊಟೊಕಿಮಂಡ್' ಆಗಿತ್ತು. ಮುಂದೆ 'ಊಟಕಮಂಡ್' ಎಂದು ನಿಂತಿತು. ಹೆಸರಿನ ಮೊದಲರ್ಧ ಎಲ್ಲಿಯದೆಂಬ ವಾದ ಇಂದಿಗೂ ಮುಗಿದಿಲ್ಲ. ಒಂಟಿಕಲ್ಲಿನ ಮಂದು ಎಂದು ಬಿಡಿಸಿ ಹೇಳುವವರಿದ್ದಾರೆ. ಕೊನೆಯರ್ಧದ ಬಗ್ಗೆ ವಾದವೇ ಇಲ್ಲ. ಅದು ಮಂದು, ನೀಲಗಿರಿಯಲ್ಲಿ ಎಮ್ಮೆ ಸಾಕುವ ತೋಡರ ನೆಲೆ. ಆದರೆ ತೋಡರು ಅದನ್ನು ಮಂದು ಎನ್ನುವುದಿಲ್ಲ. ಅವರ ಬಾಯಲ್ಲಿ ಅದು ಮೊದ್. ಕೊನೆಯ ಧ್ವನಿ ನಮ್ಮ ದಕಾರಕ್ಕೂ ಡಕಾರಕ್ಕೂ ನಡುವೆ ಹುಟ್ಟುತ್ತದೆ, ಮೂಗಿನ ಧ್ವನಿ ಉದುರಿಹೋಗಿದೆ. ಮಂದು ಎಂದವರು ಬಡಗರು. ಬೆಟ್ಟ ಹತ್ತಿ ಬಂದ ಇಂಗ್ಲಿಷರಿಗೆ ದಾರಿ ತೋರಿಸಿದವರೂ ಮಾತು ತಿಳಿಸಿದವರೂ ಹೆಚ್ಚಾಗಿ ಅವರೇ. ಕನ್ನಡದ ಒಡಹುಟ್ಟಿದ ನುಡಿಯಾಡುವ ಬಡಗರಿಂದ ಕೇಳಿದ್ದನ್ನು ಇಂಗ್ಲಿಷರು ಬರೆದುಕೊಂಡರು. ತೋಡರ ಮನೆಯ ಮಾತು ಹೀಗೆ ನಮ್ಮ ಬಾಯಿಂದ ಹೊರಟು ಭೂಪಟದ ಮೇಲೆ ಕೂತಿತು.

ಇದು ಊಹೆಯ ಮಾತಲ್ಲ, ಧ್ವನಿಯ ನಿಯಮವೇ ಸಾಕ್ಷಿ ಹೇಳುತ್ತದೆ. ತಮಿಳಿನಲ್ಲಿ ಒನ್ರು ಇರುವಲ್ಲಿ ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒನ್ನು. ತಮಿಳಿನ ಪನ್ರಿ ನಮ್ಮ ಹಂದಿ, ಮಲಯಾಳದ ಪನ್ನಿ. ಅದೇ ಜಾಡಿನಲ್ಲಿ ನಡೆದರೆ ತಮಿಳಿನ ಮನ್ರು ಕನ್ನಡದ ಬಾಯಲ್ಲಿ ಮಂದು ಆಗಲೇಬೇಕು, ಮಲಯಾಳದಲ್ಲಿ ಮನ್ನಂ ಆಗಲೇಬೇಕು. ಆಗಿದೆ. ಬರೋ ಮತ್ತು ಎಮೆನೊ 1961ರಲ್ಲಿ ಮೊದಲು ಹೊರತಂದ ದ್ರಾವಿಡ ಪದಮೂಲಗಳ ನಿಘಂಟಿನಲ್ಲಿ ಈ ಎಲ್ಲ ರೂಪಗಳೂ ಒಂದೇ ಬಳಗವಾಗಿ ಕೂತಿವೆ. ಎಮೆನೊ 1935ರಿಂದ 38ರವರೆಗೆ ನೀಲಗಿರಿಯಲ್ಲೂ ಕೊಡಗಿನಲ್ಲೂ ಕೂತು ತೋಡ, ಕೋತ, ಕೊಡವ ನುಡಿಗಳನ್ನು ಬಲ್ಲವರ ಬಾಯಿಂದಲೇ ಬರೆದುಕೊಂಡವರು. ಬೆಟ್ಟದ ನುಡಿಗಳನ್ನು ತಮಿಳು ಕನ್ನಡಗಳ ಪಕ್ಕದಲ್ಲಿ ಸಮಸಮನಾಗಿ ಕೂರಿಸಿದ್ದು ಆ ನಿಘಂಟಿನ ದೊಡ್ಡ ಉಪಕಾರ.

ನಮಗೆ ಹೆಚ್ಚು ಪರಿಚಯವಿರುವುದು ಇದರ ಹತ್ತಿರದ ನಂಟ, ಮಂದೆ. ಕುರಿಮಂದೆ, ಎಮ್ಮೆಮಂದೆ. ಬೆಳೆ ತೆಗೆದ ಹೊಲಕ್ಕೆ ಗೊಬ್ಬರ ಬೀಳಲೆಂದು ಕುರಿಯವರನ್ನು ಕರೆದು ಮಂದೆ ನಿಲ್ಲಿಸಿಕೊಳ್ಳುವ ರೈತನಿಗೆ ಮಂದೆಯೆಂದರೆ ಬರಿಯ ಹಿಂಡಲ್ಲ. ಹಿಂಡು, ಅದು ನಿಂತ ನೆಲ, ನಿಂತ ರಾತ್ರಿ ಎಲ್ಲವೂ ಆ ಒಂದು ಮಾತಿನೊಳಗೆ ಇವೆ. ಪಕ್ಕದಲ್ಲೇ ಮಂದಿ ಎಂಬ ಮಾತಿದೆ. ಹತ್ತು ಮಂದಿ, ಊರ ಮಂದಿ, ಮಂದಿಯ ಮಾತು. ದನ ಸೇರಿದರೆ ಮಂದೆ, ಜನ ಸೇರಿದರೆ ಮಂದಿ ಎಂಬ ನಂಟು ಕಿವಿಗೇ ಹೊಳೆಯುತ್ತದೆ. ಈಚೆಗೆ ಕುರಿಮಂದೆ ಎಂದರೆ ಯೋಚಿಸದೆ ಹಿಂಬಾಲಿಸುವವರಿಗೆ ಬೈಗುಳವಾಗಿದೆ. ಈ ಪದಕ್ಕೆ ನಾವು ಮಾಡಿದ ಅನ್ಯಾಯ ಇದಕ್ಕಿಂತ ದೊಡ್ಡದಿಲ್ಲ. ಅದರ ಒಡಹುಟ್ಟಿದ ರೂಪಗಳೆಲ್ಲ ಯೋಚಿಸಲೆಂದೇ ಸೇರಿದ ಜಾಗದ ಹೆಸರುಗಳು.

ದನಗಾಹಿಗಳ ನಾಡಿನಲ್ಲಿ ಇದು ಸಹಜ. ಸಂಜೆ ದನ ಹಟ್ಟಿಗೆ ಬಂದು ನಿಂತಲ್ಲೇ ಜನವೂ ಸೇರುತ್ತದೆ. ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಯಾವ ಕಾವಲು ಈ ವರ್ಷ ಬಿಡಬೇಕು, ಯಾರ ಮನೆಯ ಸಾವಿಗೆ ಯಾರು ಏನು ತರಬೇಕು, ಇವೆಲ್ಲ ಅಲ್ಲೇ ತೀರ್ಮಾನವಾಗಬೇಕು. ಸಂಸ್ಕೃತವೂ ಇದೇ ದಾರಿಯಲ್ಲಿ ನಡೆದಿದೆ. ಗೋಷ್ಠವೆಂದರೆ ಹಸುಗಳ ತಾಣ, ಅದರಿಂದ ಬಂದ ಗೋಷ್ಠಿ ಸಭೆ. ಇಂದು ಕವಿಗೋಷ್ಠಿಗೂ ವಿಚಾರಗೋಷ್ಠಿಗೂ ಕರೆಯುವ ಆಹ್ವಾನಪತ್ರದಲ್ಲಿ ಹಸು ಅಡಗಿದೆ. ಹಟ್ಟಿಯ ಕಥೆಯೂ ಅಷ್ಟೇ. ದನದ ದೊಡ್ಡಿಗೂ ಜನವಸತಿಗೂ ಕನ್ನಡ ಅದೊಂದನ್ನೇ ಇಟ್ಟುಕೊಂಡಿದೆ. ನೀಲಗಿರಿಯ ಬಡಗರಿಗೆ ಊರೆಂದರೆ ಇಂದಿಗೂ ಹಟ್ಟಿ.

ತಮಿಳಿನಲ್ಲಿ ಈ ಪದ ಏರಿದ ಎತ್ತರ ಬೇರೆ. ಹಳೆಯ ತಮಿಳಿನಲ್ಲಿ ಮನ್ರು ಮತ್ತು ಮನ್ರಂ ಎಂದರೆ ಹಸುಗಳ ಕೊಟ್ಟಿಗೆ, ಊರ ನಡುವಿನ ಬಯಲು, ಮರದ ನೆರಳಲ್ಲಿ ಹಿರಿಯರು ಕೂತು ನ್ಯಾಯ ಹೇಳುವ ಜಾಗ. ಚಿದಂಬರದಲ್ಲಿ ಶಿವ ಕುಣಿಯುವ ಅಂಗಳಕ್ಕೂ ಮನ್ರು ಎಂದೇ ಹೆಸರು. ಇಂದಿನ ತಮಿಳುನಾಡಿನಲ್ಲಿ ಶಾಸನಸಭೆ ಸಟ್ಟಮನ್ರಂ, ಸಂಸತ್ತು ನಾಡಾಳುಮನ್ರಂ, ಹೈಕೋರ್ಟು ಉಯರ್ ನೀದಿಮನ್ರಂ, ಪಂಚಾಯಿತಿ ಊರಾಟ್ಚಿ ಮನ್ರಂ. ಸಿನಿಮಾ ನಟರ ಅಭಿಮಾನಿ ಸಂಘಗಳು ಕೂಡ ಮನ್ರಂಗಳೇ. ಊಟಿಯ ನ್ಯಾಯಾಲಯದ ಬೋರ್ಡಿನ ಮೇಲೆ ನೀದಿಮನ್ರಂ ಎಂದಿರುವುದನ್ನು ಓದುವ ತೋಡರ ಮುದುಕನ ಊರಿನ ಹೆಸರೂ ಅದೇ ಬೇರಿನದು. ಒಂದು ಬೇರಿನ ಎರಡು ಕೊಂಬೆಗಳು. ಒಂದು ರಾಜ್ಯದ ಅಧಿಕಾರದ ಹೆಸರಾಯಿತು, ಇನ್ನೊಂದು ಪ್ರವಾಸಿಗಳು ಕಾರಿಳಿದು ಫೋಟೊ ತೆಗೆಯುವ 'ತೋಡರ ಹಳ್ಳಿ'ಯ ಹೆಸರಾಯಿತು.

ಮಲಯಾಳದ ಮನ್ನಂ ನಾಡಿನ ವ್ಯವಹಾರ ಚರ್ಚಿಸುವ, ನ್ಯಾಯ ತೀರಿಸುವ ಜಾಗ. ಇಂದಿನ ನೀಲಗಿರಿ ಜಿಲ್ಲೆಯ ಗೂಡಲೂರು ಭಾಗ 1877ರವರೆಗೆ ಮಲಬಾರಿನ ವಯನಾಡಿಗೆ ಸೇರಿದ್ದರಿಂದ ಈ ಜಿಲ್ಲೆಯೊಳಗೇ ಮನ್ರಂ, ಮಂದು, ಮನ್ನಂ ಮೂರೂ ಹೆಚ್ಚು ದೂರವಿಲ್ಲದೆ ಬದುಕಿದವು. ಕೊಡಗಿನಲ್ಲಿ ಮಂದ್ ಇಂದಿಗೂ ಜೀವಂತ. ಊರ್ ಮಂದ್, ನಾಡ್ ಮಂದ್ ಎಂದು ಅಲ್ಲಿ ಹಂತಗಳಿವೆ. ಪುತ್ತರಿಯಲ್ಲಿ ಕೋಲಾಟ ನಡೆಯುವುದು ಮಂದ್‌ನಲ್ಲಿ. ಅದು ಯಾರ ಖಾಸಗಿ ಸ್ವತ್ತೂ ಅಲ್ಲದ ಹಸಿರು ಬಯಲು. ಕೊಡವರು ತಮ್ಮ ಭೂಮಿಯ ಮತ್ತು ಸಂಸ್ಕೃತಿಯ ಹಕ್ಕಿನ ಬಗ್ಗೆ ಸೇರುವಾಗಲೂ ಮಂದ್ ಎಂಬ ಹೆಸರನ್ನೇ ಎತ್ತಿಕೊಳ್ಳುತ್ತಾರೆ. ಹಬ್ಬಕ್ಕೆ ಸೇರುವ ಜಾಗವೂ ಹಕ್ಕಿಗೆ ಸೇರುವ ಜಾಗವೂ ಒಂದೇ ಎಂಬ ನೆನಪು ಅಲ್ಲಿ ಅಳಿದಿಲ್ಲ.

ಈಗ ಮೊದ್‌ಗೆ ಬರೋಣ. ಈ ಪದದ ಬದುಕು ಅತ್ಯಂತ ತುಂಬಿಕೊಂಡಿರುವುದು ತೋಡರಲ್ಲಿ. ಡಬ್ಲ್ಯು. ಎಚ್. ಆರ್. ರಿವರ್ಸ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ನೀಲಗಿರಿಗೆ ಬಂದು, 1906ರಲ್ಲಿ ತೋಡರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಆಗ ತೋಡರಿದ್ದದ್ದು ಸುಮಾರು 800 ಮಂದಿ. ಇಷ್ಟು ಸಣ್ಣ ಸಮಾಜದೊಳಗೆ ಆ ಒಂದು ಪದ ಎಷ್ಟು ಕೆಲಸ ಮಾಡುತ್ತದೆಂದು ರಿವರ್ಸ್ ಮತ್ತು ಎಮೆನೊ ಇಬ್ಬರ ಬರವಣಿಗೆಯಿಂದಲೂ ತಿಳಿಯುತ್ತದೆ. ಕಮಾನು ಮಾಡಿನ ಮನೆಗಳು, ಎಮ್ಮೆದೊಡ್ಡಿ, ಪವಿತ್ರ ಎಮ್ಮೆಗಳ ಹಾಲು ಕಡೆಯುವ ಹಾಲಿನ ಗುಡಿ ಇರುವ ವಸತಿ ಮೊದ್. ಯಾರೂ ವಾಸವಿಲ್ಲದೆ ಹಾಲಿನ ಗುಡಿ ಮಾತ್ರವಿರುವ ತಾಣವೂ ಮೊದ್. ಸತ್ತವರ ಕ್ರಿಯೆ ನಡೆಯುವ ಜಾಗವೂ ಮೊದ್. ಕೊನೆಗೆ, ಒಂದೇ ತಂದೆಯ ಸಾಲಿನಿಂದ ಬಂದು ಪವಿತ್ರ ಎಮ್ಮೆಗಳನ್ನೂ ಗುಡಿಗಳನ್ನೂ ಮೇವಿನ ನೆಲವನ್ನೂ ಜೊತೆಯಾಗಿ ನೋಡಿಕೊಳ್ಳುವ ಕುಲಕ್ಕೂ ಮೊದ್ ಎಂದೇ ಹೆಸರು. ಪ್ರತಿ ಕುಲ ತನ್ನ ಮುಖ್ಯ ನೆಲೆಯ ಹೆಸರಿನಿಂದಲೇ ಗುರುತಾಗುತ್ತದೆ.

ಊರು, ದೇವಸ್ಥಾನ, ಮಸಣ, ಕುಲ, ಸಾಮೂಹಿಕ ಒಡೆತನ ಎಂದು ನಾವು ಐದು ಪದಗಳಲ್ಲಿ, ಐದು ಇಲಾಖೆಗಳಲ್ಲಿ ಬಿಡಿಸಿಟ್ಟದ್ದನ್ನು ತೋಡರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಸತ್ತವರು ಹೊರಟ ಜಾಗವೂ ಹಾಲು ಕಡೆಯುವ ಜಾಗವೂ ಕುಲದ ಹೆಸರೂ ಒಂದೇ ಆದಲ್ಲಿ, ಈ ನೆಲ ಯಾರದು ಎಂಬ ಪ್ರಶ್ನೆಗೆ ಕಾಗದ ಬೇಕಾಗಿರಲಿಲ್ಲ. ಹಾಲಿನ ಗುಡಿಯಲ್ಲಿ ಹೇಳುವ ಪ್ರಾರ್ಥನೆಗಳಲ್ಲಿ ನೆಲೆಗಳು, ಎಮ್ಮೆಗಳು, ಬೆಟ್ಟಗಳು, ತೊರೆಗಳು ದಿನಬಳಕೆಯ ಹೆಸರಿನಿಂದ ಬರುವುದಿಲ್ಲ. ಅವಕ್ಕೆ ಬೇರೆಯೇ ಪವಿತ್ರ ಹೆಸರುಗಳಿವೆ. ರಿವರ್ಸ್ ಆ ಹೆಸರುಗಳನ್ನು ಕಷ್ಟಪಟ್ಟು ಪಟ್ಟಿ ಮಾಡಿದರು. ಪ್ರತಿ ದಿನ ತನ್ನ ನೆಲದ ಮೂಲೆಮೂಲೆಯನ್ನು ಹೆಸರಿಟ್ಟು ಕರೆಯುವ ಪ್ರಾರ್ಥನೆ ಅದು. ನನ್ನ ಕಣ್ಣಿಗೆ ಅದು ಪಹಣಿಯಷ್ಟೇ ಗಟ್ಟಿಯಾದ ದಾಖಲೆ. ಪಹಣಿಯನ್ನು ವರ್ಷಕ್ಕೊಮ್ಮೆ ತಿದ್ದುತ್ತಾರೆ, ಇದನ್ನು ದಿನವೂ ಓದುತ್ತಾರೆ.

ತೋಡರಿಗೆ ಸಭೆಯೂ ಇತ್ತು. ರಿವರ್ಸ್ ಅದನ್ನು 'ನಯಿಮ್' ಎಂದು ಬರೆದುಕೊಂಡಿದ್ದಾರೆ. ಕನ್ನಡದ ಕಿವಿಗೆ ಅದರಲ್ಲಿ ನ್ಯಾಯ ಎಂಬ ಮಾತು ಕೇಳಿಸುತ್ತದೆ. ಎಮ್ಮೆಯ ಒಡೆತನ, ಮದುವೆಯ ಜಗಳ, ಹಾಲಿನ ಗುಡಿಯ ವಿಧಿಯಲ್ಲಿ ಆದ ಲೋಪ ಎಲ್ಲ ಅಲ್ಲಿಗೆ ಬರುತ್ತಿದ್ದವು. ಕೂರುವ ಸದಸ್ಯರು ಇಂತಿಂಥ ಕುಲಗಳವರೇ ಎಂದು ನಿಗದಿಯಿತ್ತು, ಅವರ ಜೊತೆ ಒಬ್ಬ ಬಡಗನಿಗೂ ಸ್ಥಾನವಿತ್ತು. ಈ ಕೊನೆಯ ವಿವರದ ಬಳಿ ನಾನು ಬಹಳ ಹೊತ್ತು ನಿಲ್ಲುತ್ತೇನೆ. ತಮ್ಮ ಒಳಗಿನ ನ್ಯಾಯಸಭೆಯಲ್ಲಿ ನೆರೆಯವನಿಗೊಂದು ಜಾಗ ಕೊಟ್ಟ ಸಮಾಜವನ್ನು ಹೊರಜಗತ್ತು ಗೊತ್ತಿಲ್ಲದ ಕಾಡುಜನ ಎಂದು ಬರೆದವರು ಸಭೆಯನ್ನು ನೋಡಿರಲಿಲ್ಲ.

ನೆರೆಹೊರೆ ಇದ್ದದ್ದೂ ಹಾಗೆಯೇ. ತೋಡರ ತುಪ್ಪ, ಬಡಗರ ಧಾನ್ಯ, ಕೋತರ ಕಬ್ಬಿಣ ಮಡಕೆ ವಾದ್ಯ, ಕುರುಂಬರ ಜೇನು ಮತ್ತು ಮಂತ್ರ ಕೈಯಿಂದ ಕೈಗೆ ನಡೆಯುತ್ತಿದ್ದವು. ಬಡಗರು ತೋಡರಿಗೆ ಕೊಡುತ್ತಿದ್ದ ಧಾನ್ಯಕ್ಕೆ ಇಂಗ್ಲಿಷರ ಕಡತಗಳಲ್ಲಿ 'ಗೂಡು' ಎಂಬ ಹೆಸರಿದೆ. ಬಡಗರ ಒಳಗಿನ ಆಡಳಿತವೂ ಸಣ್ಣದಲ್ಲ. ಹಟ್ಟಿಗೆ ಊರಗೌಡ, ಅದರ ಮೇಲೆ ಸೀಮೆಗೌಡ, ನಾಲ್ಕೂ ಸೀಮೆಗಳಿಗೆ ತೂನೇರಿಯ ನಾಕುಬೆಟ್ಟದ ಗೌಡ. ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ ಆ ನಾಲ್ಕು ಸೀಮೆಗಳು. ಸಭೆಯೆಂದರೆ ಕೂಟ, ಕೋತರಲ್ಲೂ ಅದೇ ಪದದ ರೂಪವಿದೆ. ಹಟ್ಟಿಯ ಮರದಡಿ ಹಿರಿಯರು ಕೂರುವ ಕಲ್ಲುಕಟ್ಟೆಗೆ ಸುತ್ತುಕಲ್ಲು ಎನ್ನುತ್ತಾರೆ. ಹಳೆಯ ಮೈಸೂರಿನ ಯಾವ ಹಳ್ಳಿಯ ಅರಳಿಕಟ್ಟೆಯಿಂದ ಹೋದವರಿಗೂ ಅದು ಹೊಸತೆನಿಸದು.

ಇದೆಲ್ಲ ಚಿನ್ನದ ಯುಗವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಈ ಸಭೆಗಳಲ್ಲಿ ಹೆಂಗಸರು ಕೂರುತ್ತಿರಲಿಲ್ಲ. ನೆರೆಹೊರೆಯ ನಡುವೆ ಭಯವೂ ಇತ್ತು. 1835ರಲ್ಲಿ ಮಾಟ ಮಾಡಿದರೆಂಬ ಆರೋಪದ ಮೇಲೆ ಹಲವು ಕುರುಂಬರನ್ನು ಕೊಂದ ಘಟನೆ ನೀಲಗಿರಿಯ ಚರಿತ್ರೆಯಲ್ಲಿದೆ. ಕುರುಂಬರಿಗೆ ಆ ದಿನ ಯಾವ ಕೂಟವೂ ನ್ಯಾಯ ಕೊಡಲಿಲ್ಲ. ತನ್ನನ್ನು ತಾನು ಆಳಿಕೊಳ್ಳುವ ಹಕ್ಕನ್ನು ಗೌರವಿಸುವವನು ಈ ಸಾವುಗಳನ್ನೂ ಹೇಳಬೇಕು. ಆದರೆ ತಪ್ಪು ಮಾಡಿದ ಸಭೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲು ಅದು ಮೊದಲು ಉಳಿದಿರಬೇಕು.

ಹೊರಗಿನವರು ಈ ಬೆಟ್ಟಕ್ಕೆ ಬಂದದ್ದು ಇಂಗ್ಲಿಷರಿಂದಲೇ ಶುರುವಲ್ಲ. ತೋಡರ ಹೆಸರು ಬರಹದಲ್ಲಿ ಮೊದಲು ಸಿಗುವುದು ಕನ್ನಡದಲ್ಲಿ, ಅದೂ ಗೆದ್ದವರ ಬರಹದಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಸಾಹಸ ಹೇಳುವ ಚಾಮರಾಜನಗರದ 1117ರ ಶಾಸನ ಅವನು ತೊದವರನ್ನು ಬೆದರಿಸಿದ್ದನ್ನೂ ನೀಲಪರ್ವತವನ್ನು ಹೊಕ್ಕದ್ದನ್ನೂ ಹೊಗಳುತ್ತದೆ. ಬೆದರಿದವರು ತಮ್ಮ ಕಡೆಯಿಂದ ಏನು ಹೇಳಿದರೋ ಯಾವ ಕಲ್ಲಿನ ಮೇಲೂ ಇಲ್ಲ. 1603ರಲ್ಲಿ ಜೆಸ್ಯೂಟ್ ಪಾದ್ರಿ ಫೆನಿಶಿಯೊ ಕಲ್ಲೀಕೋಟೆಯ ಕಡೆಯಿಂದ ಹತ್ತಿ ಬಂದು ತೋಡರನ್ನೂ ಬಡಗರನ್ನೂ ಕಂಡು ಹೋದ. ಬಂದವರೆಲ್ಲ ಹೋದರು ಅಥವಾ ಕಪ್ಪ ಪಡೆದು ಸುಮ್ಮನಾದರು. ಮೊದ್‌ನ ಅರ್ಥಕ್ಕೆ ಕೈಹಾಕಿದವರು 19ನೇ ಶತಮಾನದಲ್ಲಿ ಬಂದರು.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ. ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲ ಕೊಂಡು, ಇಂದಿನ ಊಟಿಯಲ್ಲಿ ಸ್ಟೋನ್‌ಹೌಸ್ ಎಂಬ ಮನೆ ಕಟ್ಟಿಸಿದ. ಆ ಬೆಲೆಯ ಅನ್ಯಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರೊಳಗಿನ ಒಪ್ಪಿಗೆಯನ್ನು ಯಾರೂ ಎತ್ತಿ ಹೇಳುವುದಿಲ್ಲ: ಕೊಂಡವನು ಮಾರಿದವರನ್ನು ಒಡೆಯರೆಂದು ಒಪ್ಪಿದ್ದ. ಸಲಿವನ್ ಮುಂದೆ ಬರಹದಲ್ಲೂ ಇದನ್ನೇ ವಾದಿಸಿದ. ಈ ಬೆಟ್ಟದ ಒಡೆತನ ತೋಡರದ್ದು, ಬಡಗರು ಕೊಡುವ ಗೂಡು ಅದಕ್ಕೆ ಸಾಕ್ಷಿ ಎಂದ. ಮದ್ರಾಸಿನ ಗವರ್ನರ್ ಲಶಿಂಗ್ಟನ್ ಇದನ್ನು ಒಪ್ಪಲಿಲ್ಲ. ಅವರಿಗಿರುವುದು ಮೇಯಿಸುವ ಅನುಕೂಲ ಮಾತ್ರ, ಒಡೆತನ ಸರ್ಕಾರದ್ದು ಎಂಬ ವಾದ ಗೆದ್ದಿತು. 1843ರ ಹೊತ್ತಿಗೆ ಲಂಡನ್ನಿನ ಕಂಪನಿ ನಿರ್ದೇಶಕರು ಆ ಮಾತನ್ನು ಗಟ್ಟಿ ಮಾಡಿದರು. ಬಳಿಕ ಒಂದೊಂದು ಮಂದುವಿಗೆ ಇಷ್ಟು ಎಂದು ನೆಲ ಅಳೆದುಕೊಟ್ಟರು. 1860ರ ದಶಕದಲ್ಲಿ ಆ ಅಳತೆ ಸುಮಾರು 45 ಎಕರೆಗೆ ಬಂದು ನಿಂತಿತು. ಆ ಪಟ್ಟಾ ನೆಲವನ್ನು ಮಾರುವಂತಿಲ್ಲ, ಸರ್ಕಾರದ ಉಸ್ತುವಾರಿಯಿಲ್ಲದೆ ಬಳಸುವಂತಿಲ್ಲ.

ಇಲ್ಲಿ ನಡೆದದ್ದು ನೆಲದ ಅಳತೆಯಷ್ಟೇ ಅಲ್ಲ, ಪದದ ಅಳತೆಯೂ ಹೌದು. ತೋಡರು ಎಮ್ಮೆಗಳ ಜೊತೆ ಋತುವಿಗೆ ತಕ್ಕಂತೆ ನಡೆಯುವವರು. ಡಿಸೆಂಬರಿನ ಮಂಜು ಬಿದ್ದು ಒಂದು ಕಡೆಯ ಹುಲ್ಲು ಒಣಗಿದಾಗ ತೇವವಿರುವ ಇನ್ನೊಂದು ಕಡೆಯ ಮೊದ್‌ಗೆ ಹೋಗುತ್ತಾರೆ, ಮಳೆಯ ಮೊದಲು ಮರಳುತ್ತಾರೆ. ಹಾಗಾಗಿ ಯಾವುದೇ ದಿನ ನೋಡಿದರೂ ಕೆಲವು ಮೊದ್‌ಗಳು ಖಾಲಿ. ಮಂದು ಎಂದರೆ ಹಳ್ಳಿ ಎಂದು ತಿಳಿದ ಅಧಿಕಾರಿಗೆ ಜನವಿಲ್ಲದ ಹಳ್ಳಿ ಬಿಟ್ಟುಹೋದ ಹಳ್ಳಿ. ಮನೆಯಿಲ್ಲದ ಹಾಲಿನ ಗುಡಿಯ ತಾಣ ಲೆಕ್ಕಕ್ಕೇ ಇಲ್ಲ. ಮಸಣದ ಬಯಲು ಬೀಳುನೆಲ. ಮೊದ್‌ಗಳ ನಡುವೆ ಎಮ್ಮೆ ನಡೆಯುವ ಹುಲ್ಲುಗಾವಲು ಯಾರದ್ದೂ ಅಲ್ಲ. ಆ ಹುಲ್ಲುಗಾವಲುಗಳ ಮೇಲೆ ಮುಂದೆ ನೀಲಗಿರಿ ಮರವೂ ವಾಟಲ್ ಮರವೂ ಚಹಾ ತೋಟವೂ ಹಬ್ಬಿದವು. ಇಂದು ಊಟಿಯ ಸೊಬಗೆಂದು ನಾವು ಹಾಡಿ ಹೊಗಳುವ ಹಸಿರಿನ ಬಹುಪಾಲು ಎಮ್ಮೆಗಳ ದಾರಿಯನ್ನು ಮುಚ್ಚಿ ಬೆಳೆದದ್ದು. ಐದು ಅರ್ಥಗಳಲ್ಲಿ ಒಂದನ್ನು ಉಳಿಸಿಕೊಂಡು ನಾಲ್ಕನ್ನು ಬಿಟ್ಟ ಅನುವಾದ ಒಂದು ಬೆಟ್ಟಸಾಲನ್ನೇ ಸರ್ಕಾರದ ಕೈಗೆ ಹಾಕಿತು.

ಜಗತ್ತಿನ ಇನ್ನೊಂದು ಮೂಲೆಯಲ್ಲಿ ಹೀಗೆಯೇ ಆಗಿದೆ. 1535ರಲ್ಲಿ ಫ್ರಾನ್ಸಿನ ಜಾಕ್ ಕಾರ್ಟಿಯೆ ಸೇಂಟ್ ಲಾರೆನ್ಸ್ ನದಿಯ ದಡದ ಮೂಲನಿವಾಸಿಗಳ ಬಾಯಲ್ಲಿ 'ಕನಾತ' ಎಂಬ ಮಾತು ಕೇಳಿದ. ಅವರು ತೋರಿಸಿದ್ದು ತಮ್ಮ ಊರನ್ನು. ಆ ಪದ ಒಂದು ಖಂಡದ ಅರ್ಧಕ್ಕೆ ಹೆಸರಾಗಿ ಕೆನಡಾ ಆಯಿತು. ಊರಿನವರಿಗೆ ಉಳಿದದ್ದು ಸರ್ಕಾರ ಅಳೆದುಕೊಟ್ಟ ಮೀಸಲು ತುಂಡು. ಆ ಭಾಗದ ಮೂಲನಿವಾಸಿಗಳ, ಹಾಡೆನೊಶೊನಿ ಎಂದು ಕರೆದುಕೊಳ್ಳುವ ಒಕ್ಕೂಟದಲ್ಲಿ ಮೊಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ ಎಂಬ ಐದು ನಾಡುಗಳಿದ್ದವು, 1722ರಲ್ಲಿ ಟಸ್ಕರೋರಾ ಸೇರಿ ಆರಾದವು. ಅಲ್ಲಿ ಸಭೆಯ ಮುಖಂಡರನ್ನು ಆರಿಸುವವರೂ ತಪ್ಪಿದರೆ ಇಳಿಸುವವರೂ ಕುಲದ ತಾಯಂದಿರು. ನೀಲಗಿರಿಯ ಕೂಟಗಳು ಅವರಿಂದ ಇದನ್ನೊಂದು ಕಲಿಯಬಹುದಿತ್ತು. ಕಯೂಗಾ ಮುಖಂಡ ಡೆಸ್ಕಾಹೆ 1923ರಲ್ಲಿ ಜಿನೀವಾಕ್ಕೆ ಹೋಗಿ, ನಾವು ಕೆನಡಾದ ಪ್ರಜೆಗಳಲ್ಲ, ಒಪ್ಪಂದ ಮಾಡಿಕೊಂಡ ಬೇರೆ ನಾಡು ಎಂದು ರಾಷ್ಟ್ರಸಂಘದ ಬಾಗಿಲು ತಟ್ಟಿದರು. ಬಾಗಿಲು ತೆರೆಯಲಿಲ್ಲ. ಮರುವರ್ಷ ಕೆನಡಾ ಸರ್ಕಾರ ಅವರ ನೆಲೆಯಾದ ಗ್ರ್ಯಾಂಡ್ ರಿವರ್‌ನ ಪಾರಂಪರಿಕ ಸಭೆಯನ್ನು ತೆಗೆದುಹಾಕಿ ಚುನಾಯಿತ ಮಂಡಳಿಯನ್ನು ಕೂರಿಸಿತು.

ಮೊದ್‌ಗೆ ಇನ್ನೂ ಹತ್ತಿರದ ಪದ ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸನ್ ಜನರಲ್ಲಿದೆ. ಅವರ 'ವಿಲ್ಪ್' ಎಂದರೆ ಮನೆ, ತಾಯಿಯ ಸಾಲಿನ ಕುಲ, ಆ ಕುಲ ನೋಡಿಕೊಳ್ಳುವ ನೆಲ, ಆ ನೆಲದ ಹಾಡುಗಳು. ಗಿಟ್‌ಕ್ಸನ್ ಮತ್ತು ವೆಟ್‌ಸುವೆಟೆನ್ ಮುಖಂಡರು ಸುಮಾರು 58,000 ಚದರ ಕಿಲೋಮೀಟರ್ ನೆಲ ತಮ್ಮದೆಂದು ನ್ಯಾಯಾಲಯಕ್ಕೆ ಹೋದರು. ಮನೆತನದ ಕಥೆಗಳನ್ನೂ ಹಾಡನ್ನೂ ಸಾಕ್ಷಿಯಾಗಿ ಮುಂದಿಟ್ಟರು. ಕೆಳಗಿನ ನ್ಯಾಯಾಲಯ 1991ರಲ್ಲಿ ಅವಕ್ಕೆ ಬೆಲೆ ಕೊಡಲಿಲ್ಲ. 1997ರ ಡಿಸೆಂಬರ್ 11ರಂದು, ಡೆಲ್ಗಮೂಕ್ ಎಂದು ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ ಕೆನಡಾದ ಸುಪ್ರೀಂ ಕೋರ್ಟು ಬಾಯಿಮಾತಿನ ಚರಿತ್ರೆಯನ್ನು ಬರಹದ ದಾಖಲೆಯ ಸಮಕ್ಕೆ ತೂಗಬೇಕೆಂದು ಹೇಳಿ, ಹೊಸದಾಗಿ ವಿಚಾರಣೆ ನಡೆಸಲು ಆದೇಶಿಸಿತು. ಇದನ್ನು ಓದುವಾಗ ತೋಡರ ಹಾಲಿನ ಗುಡಿಯ ಪ್ರಾರ್ಥನೆ ನೆನಪಾಗದೆ ಇರದು. 1843ರಲ್ಲಿ ಯಾರಾದರೂ ಆ ಹೆಸರುಗಳ ಸಾಲನ್ನು ಸಾಕ್ಷಿಯೆಂದು ಕೇಳಿಸಿಕೊಂಡಿದ್ದರೆ ಎಕರೆಗಳ ಲೆಕ್ಕ ಬೇರೆಯಾಗುತ್ತಿತ್ತು.

ನಮ್ಮ ಸಂವಿಧಾನ ಆದಿವಾಸಿ ಪ್ರದೇಶಗಳಿಗೆಂದು ಐದನೇ ಅನುಸೂಚಿಯನ್ನು ಇಟ್ಟಿದೆ. ಆ ಪ್ರದೇಶಗಳಲ್ಲಿ ಗ್ರಾಮಸಭೆಗೆ ಬಲ ಕೊಡುವ ಪೆಸಾ ಕಾಯ್ದೆ 1996ರಲ್ಲಿ ಬಂತು. ಐದನೇ ಅನುಸೂಚಿ ಹತ್ತು ರಾಜ್ಯಗಳ ಪ್ರದೇಶಗಳಿಗೆ ಅನ್ವಯಿಸುತ್ತದೆ. ತಮಿಳುನಾಡು, ಕೇರಳ, ಕರ್ನಾಟಕ ಮೂರೂ ಅದರ ಹೊರಗೆ. ನೀಲಗಿರಿ, ವಯನಾಡು, ಕೊಡಗು, ಬಿಳಿಗಿರಿ, ಕಾಕನಕೋಟೆ ಸೇರಿ ಒಂದೇ ಕಾಡು, ಒಂದೇ ಜನಗಳ ನಂಟು. ಇಷ್ಟು ದೊಡ್ಡ ಆದಿವಾಸಿ ನಾಡನ್ನು ಸ್ವಯಮಾಡಳಿತದ ನಕ್ಷೆಯಿಂದ ಹೊರಗಿಟ್ಟದ್ದು ದಕ್ಷಿಣದ ಮೂರು ಸರ್ಕಾರಗಳೂ ತಿದ್ದಬೇಕಾದ ತಪ್ಪು. ತಮಿಳುನಾಡಿನ ಆರು ವಿಶೇಷ ದುರ್ಬಲ ಬುಡಕಟ್ಟುಗಳಾದ ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕರೆಲ್ಲ ನೀಲಗಿರಿಯಲ್ಲಿದ್ದಾರೆ. ಇದೊಂದೇ ಜಿಲ್ಲೆಯ ಸಲುವಾಗಿಯಾದರೂ ಆ ಪಟ್ಟಿಯನ್ನು ಮತ್ತೆ ತೆರೆಯಬೇಕಿತ್ತು.

ಕಾಯ್ದೆ ಬರುವ ಮೊದಲೇ ಜನ ಸೇರಿದ್ದರು. ಗೂಡಲೂರಿನಲ್ಲಿ ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ, ಇರುಳರು ಕೂಡಿ ಕಟ್ಟಿದ ಆದಿವಾಸಿ ಮುನ್ನೇಟ್ರ ಸಂಗಂ 1988ರ ಡಿಸೆಂಬರ್ 5ರಂದು ಸುಮಾರು ಹತ್ತು ಸಾವಿರ ಮಂದಿಯನ್ನು ಬೀದಿಗೆ ತಂದಿತು. ಅವರ ಮುಖ್ಯ ಬೇಡಿಕೆ ನೆಲ. ತಲೆತಲಾಂತರ ಜಮೀನುದಾರರ ಜೀತದಲ್ಲಿದ್ದ ಪಣಿಯರು ಅಂದು ಊರಿನ ನಡುಬೀದಿಯಲ್ಲಿ ತಲೆಯೆತ್ತಿ ನಡೆದರು. ಮಂದು ಎಂಬ ಪದ ಅಲ್ಲಿ ಯಾರ ಬಾಯಲ್ಲೂ ಇರಬೇಕಾಗಿರಲಿಲ್ಲ. ಅದರ ಹಳೆಯ ಅರ್ಥವೇ ಗೂಡಲೂರಿನ ಬೀದಿಯಲ್ಲಿ ನಿಂತಿತ್ತು.

2006ರ ಅರಣ್ಯ ಹಕ್ಕು ಕಾಯ್ದೆ ಐದನೇ ಅನುಸೂಚಿಯ ಗೆರೆಯನ್ನು ನೋಡುವುದಿಲ್ಲ, ಎಲ್ಲ ಕಾಡಿಗೂ ಅನ್ವಯಿಸುತ್ತದೆ. ಹಕ್ಕಿನ ಗುರುತಿಸುವಿಕೆ ಶುರುವಾಗಬೇಕಾದ್ದು ಗ್ರಾಮಸಭೆಯಿಂದ. ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಮಧ್ಯಂತರ ಆದೇಶದಿಂದಾಗಿ ಹಕ್ಕುಪತ್ರಗಳು ವರ್ಷಗಟ್ಟಲೆ ತಡೆಹಿಡಿದು ಕೂತಿದ್ದವು. ಕಾಯ್ದೆ ಬಂದ ಮೇಲೆಯೇ ಮದುಮಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು, ಸೀಗೂರು ಬಯಲಿನ ಆನೆದಾರಿಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2020ರಲ್ಲಿ ತೀರ್ಪು ಬಂತು. ಮಸಿನಗುಡಿಯ ಸುತ್ತಿನ ಇರುಳರೂ ಕುರುಂಬರೂ ಆನೆಯ ದಾರಿಗೆ ಎಂದೂ ಅಡ್ಡ ನಿಂತವರಲ್ಲ. ಅಡ್ಡ ನಿಂತದ್ದು ರೆಸಾರ್ಟುಗಳ ಬೇಲಿ. ಆನೆಯ ಹಕ್ಕನ್ನೂ ಇರುಳರ ಹಕ್ಕನ್ನೂ ಎದುರುಬದುರು ನಿಲ್ಲಿಸುವ ವಾದ ನನಗೆ ಒಪ್ಪಿಗೆಯಿಲ್ಲ. ಕಾಡನ್ನು ಹೇಗೆ ಕಾಯಬೇಕೆಂದು ಮೊದಲು ಕೇಳಬೇಕಾದದ್ದು ಅಲ್ಲಿನ ಸಭೆಯನ್ನು.

ಊಟಕಮಂಡ್ ಈಗ ಉದಕಮಂಡಲಂ. ಇಂಗ್ಲಿಷಿನ ಉಚ್ಚಾರವನ್ನು ಬಿಟ್ಟು ನಮ್ಮದೆನ್ನುವ ರೂಪಕ್ಕೆ ಮರಳುವ ಆಸೆ ಸರಿಯೇ. ಆದರೆ ಮರಳಿದ್ದು ಮೊದ್‌ಗೂ ಅಲ್ಲ, ಮಂದುವಿಗೂ ಅಲ್ಲ, ಮನ್ರಂಗೂ ಅಲ್ಲ. ತಮ್ಮ ಶಾಸನಸಭೆಗೇ ಇಟ್ಟುಕೊಂಡ ಬೇರು ಆ ಹೆಸರಿನಲ್ಲಿ ಅಡಗಿರುವುದನ್ನು ಕಾಣದೆ, ಹೆಸರಿಟ್ಟವರು ಸಂಸ್ಕೃತದ ಮಂಡಲವನ್ನು ತಂದು ಕೂರಿಸಿದರು. ಇಂಗ್ಲಿಷರ ತಪ್ಪು ಉಚ್ಚಾರದಲ್ಲೂ ತೋಡರ ನೆಲೆ ಉಳಿದಿತ್ತು. ಹೊಸ ಹೆಸರಿನಲ್ಲಿ ನೀರಿದೆ, ವೃತ್ತವಿದೆ, ತೋಡರಿಲ್ಲ.

ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಒಂದೆರಡು ಸಾಲುಗಳಿವೆ, ಅವುಗಳ ಮೇಲೆ ನನಗೆ ಬಹಳ ಭರವಸೆ. 12ನೇ ನಿಯಮದ ಪ್ರಕಾರ ಪಶುಪಾಲಕರ, ಅಲೆಮಾರಿಗಳ, ದುರ್ಬಲ ಬುಡಕಟ್ಟುಗಳ ಹಕ್ಕನ್ನು ಪರಿಶೀಲಿಸುವುದು ಅವರು ಆ ಜಾಗದಲ್ಲಿ ಇರುವ ಹೊತ್ತಿನಲ್ಲೇ ಆಗಬೇಕು. ಡಿಸೆಂಬರಿನಲ್ಲಿ ಬಂದು ಖಾಲಿ ಮೊದ್ ನೋಡಿ ಯಾರೂ ಇಲ್ಲ ಎಂದು ಬರೆಯುವಂತಿಲ್ಲ. ಆವಾಸದ ಹಕ್ಕನ್ನು ಸಮುದಾಯವೂ ಕೇಳಬಹುದು, ಅದರ ಸಾಂಪ್ರದಾಯಿಕ ಸಂಸ್ಥೆಯೂ ಕೇಳಬಹುದು. 13ನೇ ನಿಯಮ ಸಾಕ್ಷಿಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಮೇವಿನ ನೆಲವಿದೆ, ಪವಿತ್ರ ತಾಣವಿದೆ, ಹೂಳುವ ಸುಡುವ ಜಾಗವಿದೆ, ಹಿರಿಯರ ಹೇಳಿಕೆಯನ್ನು ಬರೆದುಕೊಂಡ ಕಾಗದವಿದೆ. ಹಾಲಿನ ಗುಡಿ, ಮಸಣ, ಹುಲ್ಲುಗಾವಲು, ಕುಲ ಎಂದು 1843ರಲ್ಲಿ ಬಿಟ್ಟುಹೋದ ನಾಲ್ಕೂ ಅರ್ಥಗಳಿಗೆ ಸರ್ಕಾರದ ಕಾಗದದಲ್ಲಿ ಈಗ ಜಾಗ ಸಿಕ್ಕಿದೆ. ಅರ್ಜಿಯಲ್ಲಿ ಗ್ರಾಮದ ಹೆಸರು ಎಂಬಲ್ಲಿ ತೋಡರು ತಮ್ಮ ಮೊದ್‌ನ ಹೆಸರು ಬರೆದುಕೊಡಲಿ, ಯಾರೂ ವಾಸವಿಲ್ಲದ ಮೊದ್‌ಗಳ ಹೆಸರನ್ನೂ ಸೇರಿಸಿ. ಅದನ್ನು ತೆಗೆದುಕೊಳ್ಳುವ ಅಧಿಕಾರಿಗೆ ಅರ್ಥ ಬಿಡಿಸಿ ಹೇಳಲು ತಮಿಳಿನವರ ಬಳಿ ಮನ್ರಂ ಇದೆ, ಕೊಡವರ ಬಳಿ ಮಂದ್ ಇದೆ. ಬಡಗರೂ ಕನ್ನಡಿಗರೂ ಆ ಸಾಕ್ಷಿಗೆ ಜೊತೆ ನಿಲ್ಲಬೇಕು. ಮಂದು ಎಂದು ಹೊರಗಿನವರಿಗೆ ಹೇಳಿಕೊಟ್ಟವರು ನಾವು.